ಸೇರಬೇಕೆ, ಬೇಡವೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಉಂಡೆ ಕೊಬ್ಬರಿ ಉತ್ತರ ಭಾರತದವರೆಗೂ ಹೋಗುತ್ತದೆ. ದೂರದ ಮಾರುಕಟ್ಟೆಯನ್ನು ನಂಬಿದ ಸೀಮೆ ಇದು. ಆದರೆ ಇದನ್ನು ಒಳಗೊಂಡಿದ್ದ ಹಳೆಯ ಮೈಸೂರು ರಾಜ್ಯದಲ್ಲಿ, ನೆರೆಯ ಕನ್ನಡಿಗರೊಡನೆ ಒಂದಾಗಲು ಅನೇಕರು ಹಿಂಜರಿದಿದ್ದರು ಎಂಬುದು ನಿಮಗೆ ಗೊತ್ತೆ?

1955ರಲ್ಲಿ ಫಜಲ್ ಅಲಿ ಆಯೋಗವು ಕನ್ನಡ ಪ್ರದೇಶಗಳನ್ನು ಒಂದುಗೂಡಿಸಲು ಶಿಫಾರಸು ಮಾಡಿತು. ಮೈಸೂರಿನಲ್ಲಿ ಅಭಿಪ್ರಾಯ ಎರಡಾಯಿತು. ಶಿವನಸಮುದ್ರದ ವಿದ್ಯುತ್ತು, ಕನ್ನಂಬಾಡಿಯ ನೀರು, ಭದ್ರಾವತಿಯ ಕಾರ್ಖಾನೆ ನಾವು ಕಟ್ಟಿಕೊಂಡದ್ದು, ಹಿಂದುಳಿದ ಜಿಲ್ಲೆಗಳ ಹೊರೆ ನಮಗೇಕೆ ಎಂಬುದು ವಿರೋಧಿಗಳ ವಾದ. ಕನ್ನಡಕ್ಕೆ ಎರಡು ರಾಜ್ಯಗಳಿರಲಿ ಎಂದವರೂ ಇದ್ದರು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ತಮ್ಮವರ ವಿರೋಧವನ್ನೇ ಎದುರಿಸಿ ಏಕೀಕರಣದ ಪರ ನಿಂತರು. 1956ರ ನವೆಂಬರ್ 1ರಂದು ರಾಜ್ಯ ಒಂದಾಯಿತು. ಆದರೆ ಆಗಸ್ಟ್‌ನಲ್ಲೇ ಅವರು ಅಧಿಕಾರ ಕಳೆದುಕೊಂಡಿದ್ದರು.

ಅರವತ್ತು ವರ್ಷಗಳ ನಂತರ, 2016ರಲ್ಲಿ, ಐರೋಪ್ಯ ಒಕ್ಕೂಟವನ್ನು ಬಿಡಬೇಕೆ ಎಂದು ಬ್ರಿಟನ್ ತನ್ನ ಜನರ ಮತ ಕೇಳಿತು. ಬಿಡೋಣ ಎಂದವರು ಶೇಕಡಾ 51.9. 2020ರ ಜನವರಿ 31ರಂದು ಅದು ಹೊರಬಂದಿತು. ಅಲ್ಲಿಯೂ ಜಗಳ ಇಂಥದ್ದೇ: ನಮ್ಮ ಗಳಿಕೆಯನ್ನು ಎಷ್ಟು ಹಂಚಿಕೊಳ್ಳಬೇಕು? ನಮ್ಮ ತೀರ್ಮಾನ ಯಾರ ಕೈಯಲ್ಲಿರಬೇಕು?

ಇಲ್ಲಿ ಜನಮತ ನಡೆಯಲಿಲ್ಲ; ಶಾಸನಸಭೆ ಚರ್ಚಿಸಿತು, ಸಂಸತ್ತು ತೀರ್ಮಾನಿಸಿತು. ಹಿಂಜರಿದವರನ್ನು ನಾಡದ್ರೋಹಿಗಳೆನ್ನಬೇಡಿ. ಅವರ ಭಯಕ್ಕೂ ಒಂದು ಲೆಕ್ಕವಿತ್ತು. ಆ ಲೆಕ್ಕ ಸರಿಯೆ? ನಿಮ್ಮೂರಿನ ಹಿರಿಯರನ್ನು ಕೇಳಿ, ನೀವೇ ತೂಗಿ ನೋಡಿ.