ರಾಜ್ಯಶಾಸ್ತ್ರ ಅಧ್ಯಯನ: ಹಳೆಯ ಬೆಂಗಳೂರಿನಲ್ಲಿ

ರಾಜ್ಯಶಾಸ್ತ್ರವು ಅಧ್ಯಾಪನ ವೃತ್ತಿಯಾದ ಚರಿತ್ರೆಯನ್ನು ಸಾಮಾನ್ಯವಾಗಿ 1880ರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಜಾನ್ ಬರ್ಜೆಸ್ ಕಟ್ಟಿದ ಶಾಲೆಯಿಂದ ಆರಂಭಿಸುತ್ತಾರೆ. 1903ರಲ್ಲಿ ಅಮೆರಿಕದ ರಾಜ್ಯಶಾಸ್ತ್ರ ಸಂಘ, 1938ರಲ್ಲಿ ಭಾರತೀಯ ಸಂಘ ಬಂದವು. ವಿಭಾಗಗಳನ್ನೂ ಸಂಘಗಳನ್ನೂ ಮಾತ್ರ ಎಣಿಸುವ ಈ ಕ್ರಮದಲ್ಲಿ ಹಳೆಯ ಬೆಂಗಳೂರಿಗೆ ಜಾಗವೇ ಸಿಗುವುದಿಲ್ಲ.

ಅದಕ್ಕೊಂದು ಆಡಳಿತಾತ್ಮಕ ಕಾರಣವಿದೆ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಕಲಾ ವಿಷಯಗಳು ಮೈಸೂರಿನ ಮಹಾರಾಜ ಕಾಲೇಜಿನ ಪಾಲಾದವು. ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ವಿಜ್ಞಾನ ಸಂದಿತು. ಬೆಂಗಳೂರಿಗೆ ಸ್ವಂತ ವಿಶ್ವವಿದ್ಯಾಲಯ ದೊರೆತದ್ದು 1964ರಲ್ಲಿ. ಅಷ್ಟು ವರ್ಷ ರಾಜ್ಯದ ಸ್ವರೂಪ, ಪ್ರಜೆಯ ಹಕ್ಕು, ಶಾಸನಸಭೆಯ ನಡವಳಿಕೆಗಳ ಚರ್ಚೆ ಇಲ್ಲಿ ಬಹುಮಟ್ಟಿಗೆ ಕಾಲೇಜಿನ ಹೊರಗೆ ನಡೆಯಿತು.

ಮೊದಲ ದೊಡ್ಡ ಹೆಸರು ಆರ್. ಶಾಮಶಾಸ್ತ್ರಿಗಳದು. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಗ್ರಂಥಲಿಪಿಯ ತಾಳೆಗರಿಯಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. 1915ರಲ್ಲಿ ಅದರ ಇಂಗ್ಲಿಷ್ ಅನುವಾದ ಗ್ರಂಥವಾಗಿ ಹೊರಬಂದಾಗ ಅವರು ಬೆಂಗಳೂರಿನ ಶ್ರೀ ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನ ಪ್ರಾಂಶುಪಾಲರಾಗಿದ್ದರು ಎಂಬುದು ಮಾತ್ರ ಹಲವು ಬರಹಗಳಲ್ಲಿ ಬಿಟ್ಟುಹೋಗುತ್ತದೆ. ಚಾಮರಾಜಪೇಟೆಯ ಈ ಕಾಲೇಜನ್ನು ರಾಜ್ಯಶಾಸ್ತ್ರದ ಚರಿತ್ರೆಯಲ್ಲಿ ಯಾರೂ ಹುಡುಕುವುದಿಲ್ಲವಷ್ಟೆ. ಕೃತಿಯ ಕಾಲ, ಕರ್ತೃತ್ವಗಳ ವಾದ ಇನ್ನೂ ಮುಗಿದಿಲ್ಲ. 1971ರಲ್ಲಿ ಥಾಮಸ್ ಟ್ರೌಟ್‌ಮನ್ ಪದಬಳಕೆಯನ್ನು ಸಂಖ್ಯಾಶಾಸ್ತ್ರೀಯವಾಗಿ ಅಳೆದು, ಅದರಲ್ಲಿ ಒಂದಕ್ಕಿಂತ ಹೆಚ್ಚು ಕೈಗಳಿವೆ ಎಂದು ವಾದಿಸಿದರು.

ಇನ್ನೊಂದು ಹೆಸರು ಡಿ. ವಿ. ಗುಂಡಪ್ಪನವರದು, ತೊಡಕೂ ಇಲ್ಲಿಯೇ. ಮೆಟ್ರಿಕ್ಯುಲೇಷನ್ ದಾಟದ ಪತ್ರಕರ್ತ. ವಿಶ್ವವಿದ್ಯಾನಿಲಯದ ಪೀಠವನ್ನೇರಿದವರಲ್ಲ. ಆದರೆ ಮೈಸೂರು ಶಾಸನ ಪರಿಷತ್ತಿನಲ್ಲಿ ಕುಳಿತು ಕೆಲಸ ಮಾಡಿದವರು. 1950ರ ದಶಕದಲ್ಲಿ ‘ರಾಜ್ಯಶಾಸ್ತ್ರ’, ‘ರಾಜ್ಯಾಂಗ ತತ್ತ್ವಗಳು’ ಎಂಬ ಕೃತಿಗಳನ್ನು ಕನ್ನಡಕ್ಕೆ ಕೊಟ್ಟವರು. ವೃತ್ತಿಪರರ ಪಟ್ಟಿ ಮಾಡುವವರು ಅವರನ್ನು ಸಾಹಿತಿಗಳ ಸಾಲಿಗೆ ಸರಿಸಿಬಿಡುತ್ತಾರೆ; ಸಾಹಿತ್ಯ ಚರಿತ್ರಕಾರರಿಗೆ ಅವರ ಕಾವ್ಯ ‘ಮಂಕುತಿಮ್ಮನ ಕಗ್ಗ’ವೇ ಮುಖ್ಯ. ಹೀಗಾಗಿ ಕನ್ನಡದಲ್ಲಿ ಈ ಶಾಸ್ತ್ರದ ಪರಿಭಾಷೆಯನ್ನು ಹದಗೊಳಿಸಿದ ಈ ಪುಸ್ತಕಗಳಿಗೆ ಎರಡೂ ಕಡೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

1945ರಲ್ಲಿ ಅವರು ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿದೆ. ಪಕ್ಷಕ್ಕೆ ಸೇರದ ನಾಗರಿಕ ಶಿಕ್ಷಣ ಅದರ ಗುರಿ. ಉಪನ್ಯಾಸ, ಗ್ರಂಥಾಲಯ, ಅಧ್ಯಯನ ಗೋಷ್ಠಿ ಅದರ ಸಾಧನ. ರಾಜಕೀಯ ಚಿಂತನೆಗೆಂದು ಹುಟ್ಟಿದ ಈ ಸಂಸ್ಥೆಯ ಗೋಷ್ಠಿಯಲ್ಲಿ ಭಗವದ್ಗೀತೆಯ ಪಾಠವೂ ನಡೆಯಿತು. ಆ ಪ್ರವಚನಗಳಿಂದ ಬೆಳೆದ ‘ಜೀವನಧರ್ಮಯೋಗ’ಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1970ರಲ್ಲಿ ನಾಗರಿಕರು ಅರ್ಪಿಸಿದ ಒಂದು ಲಕ್ಷ ರೂಪಾಯಿಯನ್ನು ಗುಂಡಪ್ಪನವರು ಸಂಸ್ಥೆಗೇ ಕೊಟ್ಟರು.

ಬಸವನಗುಡಿಯ ಈ ಪರಂಪರೆಯ ಒಲವು ಸಂವಿಧಾನ ಮತ್ತು ಪ್ರಜೆಯ ಕರ್ತವ್ಯದ ಕಡೆಗಿತ್ತು. ಬ್ರಾಹ್ಮಣೇತರರ ಸಂಘಟನೆಯಾದ 1917ರ ಪ್ರಜಾಮಿತ್ರ ಮಂಡಳಿ, ಸರ್ಕಾರಿ ಹುದ್ದೆಗಳಲ್ಲಿ ಅವರ ಪ್ರಾತಿನಿಧ್ಯ ಕುರಿತು 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ ಎತ್ತಿದ ಜಾತಿ ಮತ್ತು ಅಧಿಕಾರದ ಪ್ರಶ್ನೆ ಸಂಶೋಧನೆಯ ನಡುಮನೆಗೆ ಬಂದದ್ದು ತಡವಾಗಿ. ಆ ದಿಕ್ಕಿನಲ್ಲಿ ಮುಖ್ಯವಾದದ್ದು 1917ರಿಂದ 1955ರವರೆಗಿನ ಮೈಸೂರು ರಾಜಕೀಯವನ್ನು ಕುರಿತ ಜೇಮ್ಸ್ ಮೇನರ್ ಅವರ ಗ್ರಂಥ, ಪ್ರಕಟವಾದದ್ದು 1977ರಲ್ಲಿ. ಅದಕ್ಕೆ ಐದು ವರ್ಷ ಮೊದಲೇ ವಿ. ಕೆ. ಆರ್. ವಿ. ರಾವ್ ನಗರದಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ತೆರೆದಿದ್ದರು. ಸಂಬಳದ ಸಂಶೋಧಕ, ಯೋಜನೆ, ಸಮೀಕ್ಷೆಗಳ ಕ್ರಮ ಅಂಥ ಸಂಸ್ಥೆಗಳ ಮೂಲಕ ಇಲ್ಲಿ ನೆಲೆಯೂರಿತು.