ಮುಖ ಎಂದರೆ ಮೊದಲು ಬಾಯಿ

ಮುಖವೀಣೆಗೆ ತಂತಿಯಿಲ್ಲ. ಮೂಡಲಪಾಯ ಯಕ್ಷಗಾನದ ಹಿಮ್ಮೇಳ ಕೇಳಿದವರಿಗೆ ಗೊತ್ತು, ಅದು ಬಾಯಲ್ಲಿ ಊದುವ ವಾದ್ಯ. ಬಾಯಿಪಾಠವಾದದ್ದು ಮುಖೋದ್ಗತ. ನದಿ ಕಡಲು ಸೇರುವಲ್ಲಿ ಮಣ್ಣು ಕೂಡಿ ಆದ ನೆಲಕ್ಕೆ ಭೂಗೋಳದ ಪಾಠದಲ್ಲಿ ನದೀಮುಖಜ ಭೂಮಿ ಎಂದು ಹೆಸರು. ಈ ಮೂರರಲ್ಲೂ ಮುಖ ಎಂದರೆ ಬಾಯಿಯೇ.

ಸಂಸ್ಕೃತದಲ್ಲಿ ಪದದ ಹಳೆಯ ಅರ್ಥ ಅದು. ಪುರುಷಸೂಕ್ತದಲ್ಲಿ ಇಂದ್ರ, ಅಗ್ನಿ ಹುಟ್ಟುವುದು ಪುರುಷನ ಬಾಯಿಂದ. ಬರಬರುತ್ತ ಆ ಹೆಸರು ಮೂಗು, ಕಣ್ಣು, ಹಣೆಗೂ ಹಬ್ಬಿತು. ಆಮೇಲೆ ಎದುರಿಗಿರುವುದು, ಮುಂದಿರುವುದು ಎಲ್ಲವೂ ಅದರದೇ: ಸಮ್ಮುಖ, ಮುಖ್ಯ, ಮುಖಪುಟ. ಕನ್ನಡದಲ್ಲಿ ಮೊಗವಾಗಿ ಮನೆಮುಂದೆ ಮೊಗಸಾಲೆಯನ್ನೂ ಕಟ್ಟಿತು. ಸಂಸ್ಕೃತವೇ ಇದನ್ನು ದ್ರಾವಿಡದಿಂದ ಪಡೆಯಿತು ಎಂಬ ವಾದವೂ ವಿದ್ವಾಂಸರಲ್ಲಿದೆ. ಅದೇನೇ ಇರಲಿ, ನಮ್ಮಲ್ಲಿ ಬಾಯಿ ಎಂಬ ಗಟ್ಟಿ ಪದ ಇದ್ದುದರಿಂದ ಮೊಗಕ್ಕೆ ಆ ಕೆಲಸ ಬೀಳಲಿಲ್ಲ. ಸಿಟ್ಟು ಬಂದಾಗಿನ ಬಳಕೆಗಂತೂ ಮೋರೆ, ಮುಸುಡಿ ಇದ್ದೇ ಇವೆ.

ಐತರೇಯ ಉಪನಿಷತ್ತಿನ ವಿರಾಟ್ ಪುರುಷನಿಗೆ ಮೊಟ್ಟೆ ಒಡೆದಂತೆ ಮೊದಲು ಬಾಯಿ ಬಿರಿಯುತ್ತದೆ; ನಂತರ ಮೂಗು, ಕಣ್ಣು, ಕಿವಿ. ಇದನ್ನು ಹಿಡಿದು ಋಷಿಗಳಿಗೆ ಭ್ರೂಣಶಾಸ್ತ್ರ ಗೊತ್ತಿತ್ತು ಎಂದು ಭಾಷಣ ಮಾಡುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಗರ್ಭದಲ್ಲಿ ಕಣ್ಣಿನ ಗುಳಿಗಳು ಬಾಯಿ ತೆರೆಯುವ ಮೊದಲೇ ಮೂಡುತ್ತವೆ. ಕ್ರಮ ಹೊಂದುವುದಿಲ್ಲ, ಬಾಯಿಂದ ಮುಖಕ್ಕೆ ಹಬ್ಬಿದ ಪದದ ದಾರಿ ಮಾತ್ರ ಸೊಗಸಾಗಿ ಹೊಂದುತ್ತದೆ.

ನಾಲ್ಕನೆಯ ವಾರದ ಕೊನೆಗೆ ಭ್ರೂಣ ಎಳ್ಳುಕಾಳಿಗಿಂತ ಸ್ವಲ್ಪ ದೊಡ್ಡದು. ಅದಕ್ಕೆ ಮುಖವಿಲ್ಲ, ಇರುವುದು ಒಂದು ತಗ್ಗು. ಅದರ ತಳದ ತೆಳುಪೊರೆ ಹರಿದಾಗ ಹೊರಗೂ ಅನ್ನನಾಳಕ್ಕೂ ದಾರಿಯಾಗುತ್ತದೆ, ಇದೇ ಬಾಯಿ. ಸುತ್ತ ಐದು ಉಬ್ಬುಗಳು: ಮೇಲೆ ಹಣೆ-ಮೂಗಿನದೊಂದು, ಅಕ್ಕಪಕ್ಕ ಮೇಲ್ದವಡೆಯವೆರಡು, ಕೆಳಗೆ ಕೆಳದವಡೆಯವೆರಡು. ಇವನ್ನು ತುಂಬುವ ಜೀವಕೋಶಗಳಲ್ಲಿ ಬಹುಪಾಲು ಮಿದುಳಾಗಲಿರುವ ನಾಳದ ಅಂಚಿನಿಂದ ವಲಸೆ ಬಂದವು. ಕಣ್ಣುಗಳು ತಲೆಯ ಎರಡು ಬದಿಗಿದ್ದು ಮೆಲ್ಲಗೆ ಮುಂದಕ್ಕೆ ಬರುತ್ತವೆ. ಹೊರಕಿವಿ ಕುತ್ತಿಗೆಯ ಹತ್ತಿರ ಶುರುವಾಗಿ ಮೇಲೇರುತ್ತದೆ.

ಮೇಲ್ದುಟಿ ಆರು-ಏಳನೆಯ ವಾರದಲ್ಲಿ ಕೂಡಿಬರುತ್ತದೆ. ನಡುಭಾಗ ಮೂಗಿನ ಕಡೆಯಿಂದ ಇಳಿದದ್ದು, ಬದಿಗಳು ಮೇಲ್ದವಡೆಯ ಉಬ್ಬುಗಳಿಂದ ಬಂದವು. ಮೂಗಿನ ಕೆಳಗೆ ಬೆರಳಿಟ್ಟರೆ ಸಿಗುವ ಕಾಲುವೆ ಆ ನಡುಭಾಗದಲ್ಲಿದೆ. ಬದಿಯೂ ನಡುವೂ ಬೆಸೆಯದೆ ಉಳಿದರೆ ಸೀಳುತುಟಿ. ಸೀಳು ನಟ್ಟನಡುವೆ ಇರದೆ ಸಾಮಾನ್ಯವಾಗಿ ಪಕ್ಕಕ್ಕಿರುವುದು ಇದಕ್ಕೇ. ಅದೂ ಬಲಕ್ಕಿಂತ ಎಡಕ್ಕೆ ಹೆಚ್ಚು. ಬಸುರಿ ಗ್ರಹಣ ನೋಡಿದಳು ಎಂದು ಊರಲ್ಲಿ ಇಂದಿಗೂ ತಾಯಿಯ ಮೇಲೆ ತಪ್ಪು ಹೊರಿಸುತ್ತಾರೆ. ಆದರೆ ಆ ಬೆಸುಗೆ ತಪ್ಪುವ ವಾರಗಳಲ್ಲಿ ತಾನು ಬಸುರಿ ಎಂಬುದು ಎಷ್ಟೋ ಹೆಂಗಸರಿಗೆ ಇನ್ನೂ ತಿಳಿದೇ ಇರುವುದಿಲ್ಲ.