ದೊಡ್ಡಮನುಷ್ಯರ ಮುನಿಸು

ಹೋದ ವರ್ಷ ಅಮೆರಿಕದ ಚುನಾವಣೆಗಳ ಚರಿತ್ರೆಯ ಪುಸ್ತಕವೊಂದನ್ನು ಕನ್ನಡಕ್ಕೆ ತರುತ್ತಿದ್ದಾಗ ಒಂದೇ ಒಂದು ಪದ ನನ್ನನ್ನು ನಾಲ್ಕು ದಿನ ಕೂರಿಸಿಬಿಟ್ಟಿತು. ಮಗ್‌ವಂಪ್. 1884ರ ಅಧ್ಯಕ್ಷ ಚುನಾವಣೆಯಲ್ಲಿ ತಮ್ಮ ಪಕ್ಷ ನಿಲ್ಲಿಸಿದ ಅಭ್ಯರ್ಥಿಯನ್ನು ಸಹಿಸಲಾಗದೆ, ಎದುರು ಪಕ್ಷದವನನ್ನು ಮನಸಾರೆ ಮೆಚ್ಚಲೂ ಆಗದೆ, ಕೊನೆಗೆ ಹಲ್ಲು ಕಚ್ಚಿಕೊಂಡು ಅವನಿಗೇ ಮತ ಹಾಕಿದ ರಿಪಬ್ಲಿಕನ್ನರಿಗೆ ಅಂಟಿದ ಹೆಸರು ಇದು.

ಕನ್ನಡದಲ್ಲಿ ಇವರನ್ನು ಏನೆನ್ನುವುದು? ಪಕ್ಷಾಂತರಿ ಎಂದರೆ ನಮ್ಮ ಓದುಗರ ಕಣ್ಣ ಮುಂದೆ ರೆಸಾರ್ಟು, ಬಸ್ಸು, ಮಂತ್ರಿಗಿರಿ ಬಂದು ನಿಲ್ಲುತ್ತವೆ. ಇವರಿಗೆ ಸಿಕ್ಕಿದ್ದು ಬೈಗುಳ ಮಾತ್ರ. ತಟಸ್ಥರು ಎನ್ನೋಣವೆಂದರೆ ಇವರು ಸುಮ್ಮನೆ ಕೂತವರಲ್ಲ, ಮತ ಹಾಕಿದವರು. ಬಂಡಾಯ ಎಂಬ ಮಾತನ್ನು ನಮ್ಮ ಪತ್ರಿಕೆಗಳು ಟಿಕೆಟ್ ಸಿಗದವನಿಗೆ ಮೀಸಲಿಟ್ಟಿವೆ.

ಪದದ ಬೇರು ಹುಡುಕಿಕೊಂಡು ಹೋದರೆ ಅದು ಇಂಗ್ಲಿಷಿನದೇ ಅಲ್ಲ. ಮ್ಯಾಸಚೂಸೆಟ್ಸ್ ಕರಾವಳಿಯ ಮೂಲನಿವಾಸಿಗಳ ಭಾಷೆಯಲ್ಲಿ 'ಮಗ್‌ಕ್ವಾಂಪ್' ಎಂದರೆ ದಂಡಿನ ಮುಖಂಡ. ಜಾನ್ ಎಲಿಯಟ್ ಎಂಬ ಪಾದ್ರಿ ಆ ಭಾಷೆಗೆ ಇಡೀ ಬೈಬಲ್ಲನ್ನು ಅನುವಾದಿಸಿ 1663ರಲ್ಲಿ ಅಚ್ಚು ಹಾಕಿಸಿದ. ಉತ್ತರ ಅಮೆರಿಕದಲ್ಲಿ ಅಚ್ಚಾದ ಮೊದಲ ಪೂರ್ಣ ಬೈಬಲ್ ಅದೇ, ಇಂಗ್ಲಿಷಿನದಲ್ಲ. ಮೊಳೆ ಜೋಡಿಸಿದವರಲ್ಲಿ ಜೇಮ್ಸ್ ಪ್ರಿಂಟರ್ ಎಂದು ಹೆಸರಾದ ನಿಪ್‌ಮಕ್ ಸಮುದಾಯದವನೂ ಇದ್ದ. ಆದಿಕಾಂಡದ 36ನೇ ಅಧ್ಯಾಯದಲ್ಲಿ ಏಸಾವನ ವಂಶದ ಮುಖಂಡರ ಉದ್ದನೆಯ ಪಟ್ಟಿ ಬರುತ್ತದೆ. ಇಂಗ್ಲಿಷ್ ಬೈಬಲ್ಲಿನಲ್ಲಿ ಅವರೆಲ್ಲ ಡ್ಯೂಕುಗಳು. ಡ್ಯೂಕುಗಳೇ ಇಲ್ಲದ ಜನರ ಭಾಷೆಗೆ ಡ್ಯೂಕನ್ನು ತರುವುದು ಹೇಗೆ? ಎಲಿಯಟ್ ಮಗ್‌ಕ್ವಾಂಪ್ ಎಂದು ಬರೆದ. ನನ್ನ ಕಷ್ಟ ಅವನಿಗೂ ಬಂದಿತ್ತೆಂದು ಗೊತ್ತಾದಾಗ ಸ್ವಲ್ಪ ಸಮಾಧಾನವಾಯಿತು.

19ನೇ ಶತಮಾನದ ಮೊದಲ ಭಾಗದ ಹೊತ್ತಿಗೆ ಬಿಳಿಯರು ಈ ಪದವನ್ನು ತಮಾಷೆಗೆ ಬಳಸತೊಡಗಿದ್ದರು. 'ಓಹೋ, ದೊಡ್ಡಮನುಷ್ಯರು ಬಂದ್ರು' ಎಂದು ನಾವು ಅನ್ನುತ್ತೇವಲ್ಲ, ಹಾಗೆ. ಗೌರವದ ಪದ ಭಾಷೆಯ ಗಡಿ ದಾಟುವಾಗ ಹೀಗೆ ಮಾನ ಕಳೆದುಕೊಳ್ಳುವುದು ನಮಗೆ ಹೊಸದಲ್ಲ. ಪುಣೆಗೆ ಬಂದ ಹೊಸತರಲ್ಲಿ ನಮ್ಮ ಮನೆ ಮಾಲೀಕರು ತಮ್ಮ ಅಜ್ಜ ಊರಿನ ದೊಡ್ಡ ಪುಢಾರಿಯಾಗಿದ್ದರು ಎಂದು ಹೆಮ್ಮೆಯಿಂದ ಹೇಳಿದಾಗ ನನಗೆ ನಗು ತಡೆಯುವುದೇ ಕಷ್ಟವಾಗಿತ್ತು. ಮರಾಠಿಯ ಪುಢಾರಿ ಮುಂದಾಳು. ಕೊಲ್ಹಾಪುರದ ದೊಡ್ಡ ದಿನಪತ್ರಿಕೆಯೊಂದಕ್ಕೆ ಅದೇ ಹೆಸರು. ಕನ್ನಡಕ್ಕೆ ಬಂದ ಪುಢಾರಿ ಮಾತ್ರ ಖಾದಿ ತೊಟ್ಟು ಕಮಿಷನ್ ಹೊಡೆಯುವವನು.

1884ರಲ್ಲಿ ಈ ಪದವನ್ನು ದೇಶದ ಬಾಯಿಗೆ ಹಾಕಿದ್ದು ನ್ಯೂಯಾರ್ಕಿನ 'ಸನ್' ಪತ್ರಿಕೆಯ ಸಂಪಾದಕ ಚಾರ್ಲ್ಸ್ ಡಾನಾ. ತಮಾಷೆಯೆಂದರೆ ಡಾನಾನಿಗೂ ಇಬ್ಬರು ಮುಖ್ಯ ಅಭ್ಯರ್ಥಿಗಳೂ ಬೇಡವಾಗಿದ್ದರು. ಅವನ ಪತ್ರಿಕೆ ಗ್ರೀನ್‌ಬ್ಯಾಕ್ ಪಕ್ಷದ ಬೆಂಜಮಿನ್ ಬಟ್ಲರನ ಬೆನ್ನಿಗೆ ನಿಂತಿತ್ತು.

ರಿಪಬ್ಲಿಕನ್ನರು ಆ ಜೂನ್‌ನಲ್ಲಿ ಶಿಕಾಗೋದಲ್ಲಿ ಸೇರಿ ಜೇಮ್ಸ್ ಬ್ಲೇನ್‌ನನ್ನು ಆರಿಸಿದರು. ಮೇನ್ ರಾಜ್ಯದವನು, ಪ್ರತಿನಿಧಿ ಸಭೆಯ ಸ್ಪೀಕರ್ ಆಗಿದ್ದವನು, ಮಾತಿನ ಮಲ್ಲ. ಅವನ ಅಭಿಮಾನಿಗಳಿಗೆ ಅವನು ದೇವರ ಸಮ. ಆದರೆ ಅರ್ಕಾನ್ಸಾದ ರೈಲ್ವೆ ಕಂಪನಿಯೊಂದರ ಬಾಂಡುಗಳ ವ್ಯವಹಾರ ಅವನ ಬೆನ್ನು ಬಿಟ್ಟಿರಲಿಲ್ಲ. ಸ್ಪೀಕರ್ ಕುರ್ಚಿಯಲ್ಲಿ ಕೂತು ಆ ಕಂಪನಿಗೆ ಅನುಕೂಲ ಮಾಡಿಕೊಟ್ಟು, ಆಮೇಲೆ ಅದರ ಬಾಂಡು ಮಾರಿ ಕಮಿಷನ್ ತೆಗೆದುಕೊಂಡ ಎಂಬುದು ಆರೋಪ. 1876ರ ವಿಚಾರಣೆಯಲ್ಲಿ ಜೇಮ್ಸ್ ಮಲ್ಲಿಗನ್ ಎಂಬ ಗುಮಾಸ್ತ ಬ್ಲೇನ್ ಬರೆದ ಕಾಗದಗಳ ಕಟ್ಟನ್ನು ಬಾಸ್ಟನ್ನಿನಿಂದ ವಾಷಿಂಗ್ಟನ್ನಿಗೆ ತಂದಿದ್ದ. ಬ್ಲೇನ್ ಹೋಟೆಲಿಗೆ ಹೋಗಿ, ನೋಡಿ ಕೊಡುತ್ತೇನೆಂದು ಕಾಗದಗಳನ್ನು ತೆಗೆದುಕೊಂಡವನು ಹಿಂದಿರುಗಿಸಲೇ ಇಲ್ಲ. ತನಗೆ ಬೇಕಾದ ಭಾಗಗಳನ್ನು ಸಭೆಯಲ್ಲಿ ಓದಿ ಚಪ್ಪಾಳೆಯನ್ನೂ ಗಿಟ್ಟಿಸಿದ. 1884ರ ಸೆಪ್ಟೆಂಬರಿನಲ್ಲಿ ಇನ್ನಷ್ಟು ಕಾಗದಗಳು ಹೊರಬಿದ್ದವು. ಅವುಗಳಲ್ಲೊಂದು, ತಾನು ನಿರ್ದೋಷಿ ಎಂದು ಬ್ಲೇನ್ ತಾನೇ ಬರೆದು, ಇದಕ್ಕೆ ನಿಮ್ಮ ಸಹಿ ಹಾಕಿ ನನಗೆ ಕಳಿಸಿ ಎಂದು ವ್ಯಾಪಾರಿಯೊಬ್ಬನಿಗೆ ಕಳಿಸಿದ್ದ ಕರಡು. ಜೊತೆಗಿದ್ದ ಕಾಗದದಲ್ಲಿ, ಓದಿದ ಮೇಲೆ ಇದನ್ನು ಸುಟ್ಟುಬಿಡಿ ಎಂಬ ಸೂಚನೆ. ಸುಡಬೇಕಾದ ಕಾಗದವೇ ಅಚ್ಚಾಗಿ ಮನೆಮನೆ ತಲುಪಿತು.

ಇದು ಕಾರ್ಲ್ ಶುರ್ಜ್, 'ಹಾರ್ಪರ್ಸ್ ವೀಕ್ಲಿ'ಯ ಜಾರ್ಜ್ ಕರ್ಟಿಸ್, 'ನೇಷನ್' ಪತ್ರಿಕೆಯ ಗಾಡ್ಕಿನ್, ವ್ಯಂಗ್ಯಚಿತ್ರಕಾರ ಥಾಮಸ್ ನ್ಯಾಸ್ಟ್, ಮಾರ್ಕ್ ಟ್ವೇನ್ ಮುಂತಾದವರಿಗೆ ಅರಗಲಿಲ್ಲ. ಲಿಂಕನ್ನನ ಪಕ್ಷ ಎಂದು ನಂಬಿ ಬಂದವರು ಇವರು. ಸರ್ಕಾರಿ ನೌಕರಿಗಳು ಪಕ್ಷದ ಪ್ರಸಾದವಾಗಿದ್ದ ಕಾಲ. ಹಾಗೆ ನೌಕರಿ ಸಿಗದ ಒಬ್ಬ 1881ರಲ್ಲಿ ಅಧ್ಯಕ್ಷ ಗಾರ್‌ಫೀಲ್ಡ್‌ನನ್ನೇ ಗುಂಡಿಟ್ಟು ಕೊಂದಿದ್ದ. ನೌಕರಿಗೆ ಪರೀಕ್ಷೆ ಇಡುವ ಕಾಯ್ದೆ ಬಂದು ಆಗಿನ್ನೂ ವರ್ಷವಷ್ಟೇ ಆಗಿತ್ತು. ಇಂಥ ಹೊತ್ತಿನಲ್ಲಿ ಬ್ಲೇನ್? ಸಮಾವೇಶದಲ್ಲಿ ಬ್ಲೇನ್ ವಿರುದ್ಧ ಓಡಾಡಿದ್ದ 25ರ ಹುಡುಗ ಥಿಯೊಡೋರ್ ರೂಸ್‌ವೆಲ್ಟ್ ಮಾತ್ರ ಕೊನೆಗೆ ಪಕ್ಷದಲ್ಲೇ ಉಳಿದುಕೊಂಡ. ಹಳೆಯ ಗೆಳೆಯರು ಅದನ್ನು ಸುಲಭವಾಗಿ ಮರೆಯಲಿಲ್ಲ.

ಡೆಮಾಕ್ರಾಟರು ಜುಲೈನಲ್ಲಿ ನ್ಯೂಯಾರ್ಕ್ ಗವರ್ನರ್ ಗ್ರೋವರ್ ಕ್ಲೀವ್‌ಲ್ಯಾಂಡ್‌ನನ್ನು ಆರಿಸಿದರು. ಮೂರು ವರ್ಷದ ಹಿಂದೆ ಅವನು ಬಫಲೋ ಊರಿನಾಚೆ ಯಾರಿಗೂ ಗೊತ್ತಿರದ ವಕೀಲ. ಕೈ ಶುದ್ಧ, ಹಟಮಾರಿ, ಸ್ವಂತ ಪಕ್ಷದ ದಲ್ಲಾಳಿಗಳನ್ನೇ ಎದುರು ಹಾಕಿಕೊಂಡವನು. ಮುನಿದ ರಿಪಬ್ಲಿಕನ್ನರು ನಿಟ್ಟುಸಿರು ಬಿಡುವಷ್ಟರಲ್ಲಿ, ಜುಲೈ 21ರಂದು ಬಫಲೋದ ಸಂಜೆ ಪತ್ರಿಕೆಯೊಂದು ಮರಿಯಾ ಹಾಲ್ಪಿನ್ ಎಂಬ ವಿಧವೆಯ ಕಥೆ ಅಚ್ಚು ಹಾಕಿತು. ಹತ್ತು ವರ್ಷದ ಹಿಂದೆ ಕ್ಲೀವ್‌ಲ್ಯಾಂಡ್‌ನಿಂದ ಅವಳಿಗೆ ಮಗುವಾಗಿತ್ತು. ಏನು ಹೇಳಲಿ ಎಂದು ಕೇಳಿದ ಗೆಳೆಯರಿಗೆ ಅವನು ತಂತಿ ಕಳಿಸಿದ: ನಿಜವನ್ನೇ ಹೇಳಿ.

ಆಗ ಮಗ್‌ವಂಪರ ನಡುವೆ ಒಂದು ವಾದ ಹುಟ್ಟಿತು. ಬ್ಲೇನ್ ಮನೆಯಲ್ಲಿ ಸಚ್ಚರಿತ, ಕಚೇರಿಯಲ್ಲಿ ಭ್ರಷ್ಟ. ಕ್ಲೀವ್‌ಲ್ಯಾಂಡ್ ಕಚೇರಿಯಲ್ಲಿ ಪ್ರಾಮಾಣಿಕ, ಮನೆಯ ಮಟ್ಟಿಗೆ ಜಾರಿದವನು. ಹಾಗಾದರೆ ಇವನನ್ನು ಕಚೇರಿಗೆ ಕಳಿಸೋಣ, ಅವನನ್ನು ಮನೆಗೆ ಕಳಿಸೋಣ. ನಾನು ಓದಿದ ಪುಸ್ತಕಗಳೆಲ್ಲ ಇದನ್ನು ಆ ಚುನಾವಣೆಯ ಅತಿ ಜಾಣ ಮಾತೆಂದು ಚಪ್ಪರಿಸಿಕೊಂಡು ಹೇಳುತ್ತವೆ. ಮೊದಲ ಸಲ ಓದಿದಾಗ ನಾನೂ ನಕ್ಕಿದ್ದೆ. ಆಮೇಲೆ ಹಾಲ್ಪಿನ್‌ಳ ವಿಷಯ ಓದಿದೆ. ಮಗುವನ್ನು ಅವಳಿಂದ ಬಿಡಿಸಿ ಅನಾಥಾಲಯಕ್ಕೆ ಸೇರಿಸಿದ್ದರು. ಒಮ್ಮೆ ಅವಳನ್ನು ಹುಚ್ಚಾಸ್ಪತ್ರೆಗೆ ಎಳೆದೊಯ್ದಿದ್ದರು. ಕ್ಲೀವ್‌ಲ್ಯಾಂಡ್ ತನ್ನ ಮೇಲೆ ಬಲಾತ್ಕಾರ ಮಾಡಿದ ಎನ್ನುವ, ಅವಳ ಸಹಿಯ ಪ್ರಮಾಣಪತ್ರ ಅಕ್ಟೋಬರ್ ಕೊನೆಯಲ್ಲಿ ಪತ್ರಿಕೆಗಳಲ್ಲಿ ಬಂತು. ಅವನ ಕಡೆಯವರು ಅವಳನ್ನು ಕುಡುಕಿ, ನಡತೆಗೆಟ್ಟವಳು ಎಂದರು. ಯಾರ 'ಮನೆಯ ವಿಷಯ' ಇದು? ಆ ಜಾಣ ಮಾತಿನಲ್ಲಿ ತೂಗಿದ್ದು ಇಬ್ಬರು ಗಂಡಸರನ್ನು ಮಾತ್ರ.

ಮಗ್‌ವಂಪರ ಧೈರ್ಯವನ್ನು ನಾನು ಕಡಿಮೆ ಮಾಡುತ್ತಿಲ್ಲ. ಆಗ ಗುಪ್ತ ಮತದಾನವಿರಲಿಲ್ಲ. ಸರ್ಕಾರ ಮತಪತ್ರ ಅಚ್ಚು ಹಾಕುತ್ತಿರಲಿಲ್ಲ. ಆಯಾ ಪಕ್ಷವೇ ತನ್ನ ಹುರಿಯಾಳುಗಳ ಪಟ್ಟಿ ಅಚ್ಚು ಹಾಕಿ, ಮತಗಟ್ಟೆಯ ಹತ್ತಿರ ತನ್ನ ಆಳುಗಳ ಕೈಯಲ್ಲಿ ಹಂಚಿಸುತ್ತಿತ್ತು. ಯಾರ ಕೈಯಿಂದ ಚೀಟಿ ತೆಗೆದುಕೊಂಡಿರಿ ಎಂಬುದನ್ನು ಬೀದಿಯೇ ನೋಡುತ್ತಿತ್ತು. ಒಂದು ಹೆಸರು ಬೇಡವಾದರೆ ಪೆನ್ಸಿಲಿನಿಂದ ಹೊಡೆದುಹಾಕಬೇಕು, ಇಲ್ಲವೇ ಅದರ ಮೇಲೆ ಬೇರೆ ಹೆಸರಿನ ಅಂಟುಚೀಟಿ ಹಚ್ಚಬೇಕು. ಹಾರ್ಟ್‌ಫರ್ಡಿನಲ್ಲಿ ತನ್ನ ಗೆಳೆಯ ಪಾದ್ರಿ ಟ್ವಿಚೆಲ್ ಕ್ಲೀವ್‌ಲ್ಯಾಂಡ್‌ಗೆ ಮತ ಹಾಕಿ ಸಭಿಕರ ಸಿಟ್ಟಿಗೆ ಗುರಿಯಾದದ್ದನ್ನು ಟ್ವೇನ್ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಮ್ಯಾಸಚೂಸೆಟ್ಸ್ ರಾಜ್ಯ ಗುಪ್ತ ಮತಪತ್ರದ ಕಾಯ್ದೆ ಮಾಡಿದ್ದು 1888ರಲ್ಲಿ.

2016ರಲ್ಲಿ ನ್ಯೂಜೆರ್ಸಿಯ ಚಿಕ್ಕಮ್ಮ ಫೋನಿನಲ್ಲಿ, 'ಎರಡೂ ಬೇಡ ಕಣೇ, ನಿಮಗಾದ್ರೆ ಆ ನೋಟಾ ಬಟನ್ನಾದ್ರೂ ಇದೆ' ಎಂದು ಗೊಣಗಿದ್ದರು. ಅಮೆರಿಕದಲ್ಲೂ ನೆವಾಡಾ ರಾಜ್ಯದ ಮತಪತ್ರದಲ್ಲಿ 1976ರಿಂದ 'ಇವರಲ್ಲಿ ಯಾರೂ ಅಲ್ಲ' ಎಂಬ ಸಾಲಿದೆ ಎಂದೆ. 'ಅದಕ್ಕೋಸ್ಕರ ನಾನೀಗ ನೆವಾಡಾಕ್ಕೆ ಮನೆ ಬದಲಾಯಿಸ್ಲಾ?' ಎಂದರು.

1884ರಲ್ಲಿ ಬೇರೆ ದಾರಿಗಳಿದ್ದವು. ಬಟ್ಲರನಿಗೆ ಸುಮಾರು 1.75 ಲಕ್ಷ ಮತ ಬಿದ್ದವು. ಪಾನನಿಷೇಧ ಪಕ್ಷದ ಜಾನ್ ಸೇಂಟ್ ಜಾನ್‌ಗೆ 1.5 ಲಕ್ಷದ ಹತ್ತಿರ. ಸುಪ್ರೀಂ ಕೋರ್ಟಿನಲ್ಲಿ ವಾದಿಸಿದ ಮೊದಲ ಮಹಿಳೆ ಬೆಲ್ವಾ ಲಾಕ್‌ವುಡ್ ಕೂಡ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದಳು. ಅವಳು ತನಗೇ ಮತ ಹಾಕಿಕೊಳ್ಳುವಂತಿರಲಿಲ್ಲ. ನಾಲ್ಕು ಸಾವಿರಕ್ಕೂ ಹೆಚ್ಚು ಗಂಡಸರು ತನಗೆ ಮತ ಹಾಕಿದ್ದಾರೆ, ಅವನ್ನು ಸರಿಯಾಗಿ ಎಣಿಸಿಲ್ಲ ಎಂದು ಆಮೇಲೆ ಕಾಂಗ್ರೆಸ್ಸಿಗೆ ಅರ್ಜಿ ಕೊಟ್ಟಳು.

ಕೊನೆಯ ವಾರದ ಕಥೆ ಪ್ರಸಿದ್ಧವೇ. ಅಕ್ಟೋಬರ್ 29ರ ಬೆಳಿಗ್ಗೆ ನ್ಯೂಯಾರ್ಕಿನಲ್ಲಿ ಬ್ಲೇನ್‌ನನ್ನು ಕಾಣಲು ಬಂದ ಪಾದ್ರಿಗಳ ಗುಂಪಿನಲ್ಲಿ ಬರ್ಚರ್ಡ್ ಎಂಬಾತ, ಡೆಮಾಕ್ರಾಟರದು ಹೆಂಡ, ರೋಮ್ ಮತ ಮತ್ತು ದಂಗೆಯ ಪಕ್ಷ ಎಂದುಬಿಟ್ಟ. ಐರಿಷ್ ಕ್ಯಾಥೊಲಿಕರ ಮತ ಬ್ಲೇನ್‌ಗೆ ಬೇಕೇ ಬೇಕಿತ್ತು. ದಣಿದಿದ್ದನೋ, ಕೇಳಿಸಲಿಲ್ಲವೋ, ಅವನು ಸುಮ್ಮನಿದ್ದ. ಅದೇ ರಾತ್ರಿ ಡೆಲ್ಮಾನಿಕೋ ಹೋಟೆಲಿನಲ್ಲಿ ಕೋಟ್ಯಧೀಶರ ಜೊತೆ ಊಟಕ್ಕೆ ಕೂತ. ಮರುದಿನ 'ವರ್ಲ್ಡ್' ಪತ್ರಿಕೆಯ ಮುಖಪುಟದಲ್ಲಿ ಆ ಔತಣದ ವ್ಯಂಗ್ಯಚಿತ್ರ: ಮೇಜಿನ ಮುಂದೆ ಹಸಿದ ಕುಟುಂಬವೊಂದು ಕೈಯೊಡ್ಡಿ ನಿಂತಿದೆ. ಬ್ಲೇನ್‌ನ ಹಳೆಯ ವೈರಿ, ಸ್ವಪಕ್ಷದ ರಾಸ್ಕೋ ಕಾಂಕ್ಲಿಂಗ್, ಅವನ ಪರ ಭಾಷಣ ಮಾಡಿ ಎಂದವರಿಗೆ ನಾನು ಕ್ರಿಮಿನಲ್ ಕೇಸು ಹಿಡಿಯುವುದಿಲ್ಲ ಎಂದಿದ್ದನಂತೆ.

ನವೆಂಬರ್ 4, ಮಂಗಳವಾರ ಮತದಾನ. ಇಷ್ಟೆಲ್ಲ ಬೇಸರದ ನಡುವೆಯೂ ಅರ್ಹರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಬಂದು ಮತ ಹಾಕಿದರು. ನ್ಯೂಯಾರ್ಕ್ ರಾಜ್ಯ ಯಾರಿಗೋ ದೇಶ ಅವರಿಗೆ ಎಂಬ ಸ್ಥಿತಿ. ಅಲ್ಲಿ ಚಲಾವಣೆಯಾದ ಹನ್ನೊಂದು ಲಕ್ಷಕ್ಕೂ ಹೆಚ್ಚು ಮತಗಳಲ್ಲಿ ಕ್ಲೀವ್‌ಲ್ಯಾಂಡ್ ಗೆದ್ದದ್ದು ಸಾವಿರದ ಚಿಲ್ಲರೆ ಮತಗಳಿಂದ. 219ಕ್ಕೆ 182 ಎಲೆಕ್ಟೋರಲ್ ಮತಗಳು. ಗೆಲ್ಲಿಸಿದ್ದು ನಾವೇ ಎಂದು ಮಗ್‌ವಂಪರು ಬೀಗಿದರು. ಅಷ್ಟು ಸಣ್ಣ ಅಂತರದಲ್ಲಿ ಬರ್ಚರ್ಡ್, ಔತಣ, ಕಾಂಕ್ಲಿಂಗ್, ಅದೇ ರಾಜ್ಯದಲ್ಲಿ ಸೇಂಟ್ ಜಾನ್ ಕಿತ್ತುಕೊಂಡ ಸುಮಾರು 25,000 ಮತ, ಯಾರು ಬೇಕಾದರೂ ಹಾಗೆ ಹೇಳಬಹುದಿತ್ತು. ಆದರೆ ಆ 219ರ ಅಡಿಪಾಯ ಇರುವುದು ಬೇರೆ ಕಡೆ. ಹಿಂದೆ ಗುಲಾಮಗಿರಿಯಿದ್ದ ರಾಜ್ಯಗಳೆಲ್ಲ ಕ್ಲೀವ್‌ಲ್ಯಾಂಡ್‌ನ ಪಾಲಾದವು. 1877ರಲ್ಲಿ ಕೇಂದ್ರದ ಸೈನ್ಯ ಅಲ್ಲಿಂದ ಹಿಂದೆ ಸರಿದ ಮೇಲೆ ಕಪ್ಪು ಜನರ ಮತವನ್ನು ಬಂದೂಕು, ಬೆದರಿಕೆ, ಮೋಸದಿಂದ ಅದುಮಲಾಗುತ್ತಿತ್ತು. ಅವರಿಗೆ ಬ್ಲೇನ್‌ನ ಬಾಂಡುಗಳಿಗಿಂತ ಇದು ದೊಡ್ಡ ಪ್ರಶ್ನೆ. ಮಗ್‌ವಂಪರ ಸಿಟ್ಟಿನ ಪಟ್ಟಿಯಲ್ಲಿ ಅದಕ್ಕೆ ಹೆಚ್ಚು ಜಾಗ ಸಿಗಲಿಲ್ಲ.

ಮತದಾನದ ಹಿಂದಿನ ದಿನ, ನವೆಂಬರ್ 3ರಂದು, ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತ್ತು. ನಾನು ಅನುವಾದಿಸುತ್ತಿದ್ದ ಪುಸ್ತಕದ ಆ ಅಧ್ಯಾಯದಲ್ಲಿ ಅದರ ಸುಳಿವಿಲ್ಲ. ಜಾನ್ ಎಲ್ಕ್ ಎಂಬ ಮೂಲನಿವಾಸಿ ತನ್ನ ಬುಡಕಟ್ಟನ್ನು ಬಿಟ್ಟು ಬಂದು ನೆಬ್ರಾಸ್ಕಾದ ಒಮಾಹಾ ಊರಿನಲ್ಲಿ ನೆಲೆಸಿದ್ದ. 1880ರ ಏಪ್ರಿಲಿನಲ್ಲಿ ಊರಿನ ಚುನಾವಣೆಗೆ ಹೆಸರು ನೋಂದಾಯಿಸಲು ಹೋದ. ನೀನು ಇಂಡಿಯನ್, ಈ ದೇಶದ ಪ್ರಜೆಯಲ್ಲ ಎಂದು ನೋಂದಣಿ ಅಧಿಕಾರಿ ವಿಲ್ಕಿನ್ಸ್ ವಾಪಸು ಕಳಿಸಿದ. ಇಲ್ಲೇ ಹುಟ್ಟಿದವನು, ಆದ್ದರಿಂದ 14ನೇ ತಿದ್ದುಪಡಿಯ ಪ್ರಕಾರ ಪ್ರಜೆ ಎಂದು ಎಲ್ಕ್ ವಾದ. ಬುಡಕಟ್ಟಿನಲ್ಲಿ ಹುಟ್ಟಿದವನ ನಿಷ್ಠೆ ಬುಡಕಟ್ಟಿಗೆ, ತಾನಾಗಿ ಅದನ್ನು ಬಿಟ್ಟುಬಂದ ಮಾತ್ರಕ್ಕೆ ಪ್ರಜೆಯಾಗುವುದಿಲ್ಲ ಎಂದಿತು ಕೋರ್ಟು. ತೀರ್ಪು ಬರೆದ ನ್ಯಾಯಮೂರ್ತಿ ಹೊರೇಸ್ ಗ್ರೇ ಮ್ಯಾಸಚೂಸೆಟ್ಸಿನವನು. ಜಾನ್ ಹಾರ್ಲನ್ ಭಿನ್ನಮತ ಬರೆದ, ಇನ್ನೊಬ್ಬರು ಅವನ ಜೊತೆ ನಿಂತರು. ಅಷ್ಟೇ.

ಎಲ್ಕ್ ಹೋ-ಚಂಕ್ ಸಮುದಾಯದವನೆಂದು ಹೇಳುತ್ತಾರೆ. ಆ ನುಡಿಗೂ ಮಗ್‌ಕ್ವಾಂಪ್ ಎಂಬ ಪದದ ನುಡಿಗೂ ನಂಟಿಲ್ಲ. ಕನ್ನಡ, ಮರಾಠಿಗಳ ಹಾಗೆ ಬೇರೆ ಬೇರೆ ಕುಟುಂಬ. ಎಲ್ಲರನ್ನೂ ಇಂಡಿಯನ್ ಎಂದು ಒಟ್ಟು ಮಾಡಿದ್ದು ಬಿಳಿಯರ ಕಾಗದಪತ್ರಗಳು. ಆದರೂ ಆ ಎರಡು ತಾರೀಖುಗಳನ್ನು ಪಕ್ಕ ಪಕ್ಕ ನೋಡಿದ ಮೇಲೆ ನನಗೆ ಕೆಲಸ ಮುಂದುವರಿಸಲು ಸ್ವಲ್ಪ ಹೊತ್ತು ಆಗಲಿಲ್ಲ. ಯಾರಿಗೆ ಮತ ಹಾಕಲಿ ಎಂದು ಬೇಸತ್ತವರಿಗೆ ಹೆಸರಾಗಿ ಮೂಲನಿವಾಸಿಗಳ ಪದವೊಂದು ಪತ್ರಿಕೆಗಳ ತುಂಬ ಓಡಾಡುತ್ತಿದ್ದ ವಾರದಲ್ಲೇ, ಮತ ಕೊಡಿ ಎಂದು ನಾಲ್ಕು ವರ್ಷ ಕೋರ್ಟಿಗೆ ಅಲೆದ ಮೂಲನಿವಾಸಿಯನ್ನು ಮನೆಗೆ ಕಳಿಸಿದರು. ಅವರೆಲ್ಲರನ್ನೂ ಪ್ರಜೆಗಳೆಂದು ಒಪ್ಪುವ ಕಾಯ್ದೆ ಬಂದದ್ದು 1924ರಲ್ಲಿ. ಅರಿಜೋನಾ, ನ್ಯೂ ಮೆಕ್ಸಿಕೋಗಳು ಅವರಿಗೆ ಮತಗಟ್ಟೆ ತೆರೆಯಲು 1948 ಬೇಕಾಯಿತು.

ಎಲಿಯಟ್ ಬೈಬಲ್ಲಿನ ಭಾಷೆ ಆಡುವವರಿಲ್ಲದೆ ನಿಂತುಹೋಗಿತ್ತು. ವಾಂಪನೋಗ್ ಸಮುದಾಯದ ಜೆಸ್ಸಿ ಲಿಟಲ್ ಡೋ ಬೇರ್ಡ್ 1990ರ ದಶಕದಲ್ಲಿ ಅದನ್ನು ಮತ್ತೆ ಎತ್ತಿಕೊಂಡರು. ಭಾಷಾಶಾಸ್ತ್ರ ಓದಿ, ಆ ಬೈಬಲ್ಲು ಮತ್ತು ಹಳೆಯ ದಸ್ತಾವೇಜುಗಳಿಂದ ವ್ಯಾಕರಣ ಕಟ್ಟಿ, ತಮ್ಮ ಮಗಳಿಗೆ ಅದನ್ನೇ ಮನೆಮಾತಾಗಿ ಕಲಿಸಿದರು.

ನನ್ನ ಪುಸ್ತಕದ ಪ್ರೂಫ್ ಬಂದಾಗ ಸಂಪಾದಕರು ಮಗ್‌ವಂಪ್ ಹೊಡೆದುಹಾಕಿ 'ಸ್ವತಂತ್ರ ಮತದಾರರು' ಎಂದು ತಿದ್ದಿದ್ದರು. ನಾನು ಮತ್ತೆ ಮಗ್‌ವಂಪ್ ಎಂದೇ ಹಾಕಿ, ಕೆಳಗೆ ಟಿಪ್ಪಣಿ ಸೇರಿಸುತ್ತೇನೆಂದು ಹಟ ಹಿಡಿದೆ. ಎರಡು ಸಾಲಿಗೆ ಒಪ್ಪಿದರು. ಎರಡು ಸಾಲಿನಲ್ಲಿ ದಂಡಿನ ಮುಖಂಡ, ಡ್ಯೂಕು, ದೊಡ್ಡಮನುಷ್ಯ ಹಿಡಿಸಿದರು. ಜಾನ್ ಎಲ್ಕ್ ಹಿಡಿಸಲಿಲ್ಲ.